ಬೆಳಕಿನಿಂದ ತೆಗೆದ ಪಡಿಯಚ್ಚು

ದೇವಾಲಯವೊಂದು ನೂರು ವರುಷಗಳನ್ನು ಪೂರೈಸುವ ಶುಭ ಸಂದರ್ಭದಲ್ಲಿ ಭಕ್ತವಿಶ್ವಾಸಿಗಳ ಮನಸ್ಸಿನಲ್ಲಿ ಎರಡು ಬಯಕೆಗಳು ಜೊತೆಯಾಗಿಯೇ ಹುಟ್ಟುತ್ತವೆ. ಹಿರಿಯರು ಕಟ್ಟಿದ್ದನ್ನು ಕಟ್ಟಿದಂತೆಯೇ ಉಳಿಸಿಕೊಳ್ಳಬೇಕೆಂಬುದು ಒಂದು. ಶತಮಾನೋತ್ಸವದ ನೆನಪಿಗೆ ಎಲ್ಲವನ್ನೂ ಹೊಸದಾಗಿಸಬೇಕೆಂಬುದು ಇನ್ನೊಂದು. ಎರಡೂ ಭಕ್ತಿಯಿಂದಲೇ ಹುಟ್ಟಿದವು. ಆದರೆ ಒಂದೇ ಗೋಡೆಯ ಮೇಲೆ, ಒಂದೇ ಸ್ವರೂಪದ ಮೇಲೆ ಇವೆರಡೂ ಹಕ್ಕು ಸಾಧಿಸಹೊರಟಾಗ ಗೆಲ್ಲುವುದು ಹೆಚ್ಚಾಗಿ ಎರಡನೆಯದೇ. ಸುಣ್ಣದ ಗಾರೆಯ ಮೇಲೆ ಸಿಮೆಂಟು, ಮರದ ಸ್ವರೂಪದ ಮೇಲೆ ಎನಾಮಲ್ ಬಣ್ಣ, ಕೆತ್ತನೆಯ ಬಲಿಪೀಠವಿದ್ದಲ್ಲಿ ನುಣುಪಾದ ಗ್ರಾನೈಟು ಬಂದಿರುವುದನ್ನು ಬೆಳಗಾವಿ-ಖಾನಾಪುರಗಳ ನಡುವೆ ಸಂಚರಿಸುವ ಯಾರಾದರೂ ಕಾಣಬಹುದು.

ಹೊಸತನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಮಳೆ ಸೋರುವ ಮಾಡಿನ ಕೆಳಗೆ ಬಲಿಪೂಜೆ ಅರ್ಪಿಸಿದವರಿಗೆ ಹೊಸ ಮಾಡಿನ ಬೆಲೆ ಗೊತ್ತು. ಹಳೆಯದನ್ನು ಮುಟ್ಟುವ ಮೊದಲು ಅದರ ಅಳತೆಯನ್ನು ಸರಿಯಾಗಿ ತೆಗೆದಿರಿಸಿಕೊಳ್ಳಬೇಕು, ಅಂಥ ಅಳತೆಗೆ ಇಂದು ಹಿಂದೆಂದೂ ಇಲ್ಲದ ಸಾಧನವೊಂದು ಒದಗಿದೆ ಎಂಬುದಷ್ಟೇ ನಮ್ಮ ಮಾತು. ಲೇಸರ್ ಕಿರಣದಿಂದ ಕಲಾಕೃತಿಯ ಮೈಯನ್ನು ಅಳೆದು ದಾಖಲಿಸುವುದು, ಬೇಕಾದಾಗ ಆ ದಾಖಲೆಯಿಂದಲೇ ಕೃತಿಯನ್ನು ಮತ್ತೆ ಮಾಡಿಕೊಳ್ಳುವುದು, ಈಗ ಪ್ರಪಂಚದ ಹಲವೆಡೆ ನಡೆದಿರುವ ಕಾರ್ಯ. ಅದರ ಕಥೆಯನ್ನು ದೂರದ ಫ್ಲಾರೆನ್ಸಿನಿಂದ ಆರಂಭಿಸುವುದು ವಾಡಿಕೆ. ನಾವು ನಮ್ಮ ಊರಿನಿಂದಲೇ ಆರಂಭಿಸುತ್ತೇವೆ; ಹಾಗೆ ಮಾಡಲು ಕಾರಣವಿದೆ.

ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊತ್ತಮೊದಲ ವರದಿ ಯಾವ ಸೀಮೆಯದು ಎಂದು ಕೇಳಿದರೆ ಅನೇಕರು ಅಜಂತವನ್ನೋ ಎಲ್ಲೋರವನ್ನೋ ಹೆಸರಿಸುವರು. ಅದು ನಮ್ಮ ಸೀಮೆಯದು. 1874ರ ಜನವರಿಯಿಂದ ಮೇ ತಿಂಗಳವರೆಗೆ ಜೇಮ್ಸ್ ಬರ್ಜೆಸ್ ಅವರು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ, ಕೋಟೆಯೊಳಗಿನ ಜಿನಾಲಯವೇ ಮೊದಲಾದ ಕಟ್ಟಡಗಳನ್ನು ಪರಿಶೀಲಿಸಿ, ನಕಾಶೆಗಳೊಡನೆಯೂ ಛಾಯಾಚಿತ್ರಗಳೊಡನೆಯೂ ವರದಿಯನ್ನು ಅದೇ ವರುಷ ಪ್ರಕಟಿಸಿದರು. ಅಳತೆಯ ಸರಪಣಿ, ಪೆನ್ಸಿಲು, ಭಾರವಾದ ಕ್ಯಾಮೆರಾ, ಇವಿಷ್ಟೇ ಆ ಕಾಲದ ಬಲ. ಕೋಟೆಯ ಕಮಲ ಬಸದಿಯ ಒಳಚಾವಣಿಯಿಂದ ಕೆಳಮುಖವಾಗಿ ಇಳಿದಿರುವ ಕಲ್ಲಿನ ಕಮಲವನ್ನು ನೋಡಿರುವವರಿಗೆ, ಅಂಥದ್ದನ್ನು ಸರಪಣಿ ಹಿಡಿದು ಅಳೆಯುವುದು ಎಂಥ ಸಾಹಸವೆಂದು ವಿವರಿಸಬೇಕಾಗಿಲ್ಲ. ಎಸಳಿನ ಒಳಗೆ ಎಸಳು. ಸರಪಣಿಗೆ ಅಲ್ಲಿ ಪ್ರವೇಶವೇ ಇಲ್ಲ.

ಮೂರು ವರುಷಗಳ ತರುವಾಯ, 1877ರಲ್ಲಿ, ಜೆ. ಎಫ್. ಫ್ಲೀಟ್ ಅವರು ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳನ್ನು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪಾಠಸಹಿತವಾಗಿ ಪ್ರಕಟಿಸಿದರು. ಇಂದು ಕಾಡಂಚಿನ ಸಣ್ಣ ಊರಾಗಿರುವ ಹಲಸಿ ಅಂದು ಪಲಾಶಿಕೆಯೆಂಬ ರಾಜಧಾನಿ. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯೂ, ಕಾರ್ತಿಕ ಮಾಸದಲ್ಲಿ ಎಂಟು ದಿನಗಳ ಜಿನೋತ್ಸವವನ್ನು ಪ್ರತಿವರುಷ ತಪ್ಪದೆ ನಡೆಸಬೇಕೆಂಬ ರವಿವರ್ಮನ ಕಾಲದ ಕಟ್ಟಳೆಯೂ ಆ ಪಟಗಳಿಂದಲೇ ತಿಳಿದುಬಂದವು. (ಮಹಾಹಬ್ಬವನ್ನು ಎಂಟು ದಿನಗಳವರೆಗೆ ಬೆಳೆಸುವ ರೂಢಿ ನಮ್ಮ ಧರ್ಮಸಭೆಯಲ್ಲಿಯೂ ಇದೆಯೆಂಬುದನ್ನು ಓದುಗರು ಬಲ್ಲರು. ಹಬ್ಬದ ಸಂತೋಷ ಒಂದೇ ದಿನಕ್ಕೆ ಮುಗಿಯಬಾರದೆಂಬ ಆಸೆ ಎಲ್ಲರಿಗೂ ಒಂದೇ.) ತಾಮ್ರಪಟ ಒಂದೇ ಕಡೆ ಇರುತ್ತದೆ, ಅದರ ಅಚ್ಚಾದ ಪಾಠವಾದರೋ ಸಾವಿರ ಕಡೆ ಹೋಗುತ್ತದೆ. ಹಲಸಿಯ ಪಟಗಳನ್ನು ಕಣ್ಣಾರೆ ಕಂಡವರು ಕೆಲವರೇ. ಅವುಗಳಿಂದ ಕರ್ನಾಟಕದ ಚರಿತ್ರೆಯನ್ನು ಕಲಿತವರಿಗೆ ಲೆಕ್ಕವಿಲ್ಲ.

ಶಿಲಾಶಾಸನದ ಪ್ರತಿಯನ್ನು ತೆಗೆಯುವ ಕ್ರಮವೇ ಬೇರೆ. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಮೆಲ್ಲನೆ ಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸಬೇಕು. ಬಳಿಕ ಮಸಿಯ ಚೆಂಡನ್ನು ಒತ್ತುತ್ತ ಹೋದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬೆಳ್ಳಗೂ ಮೂಡುತ್ತವೆ. ಇದನ್ನೇ ಪಡಿಯಚ್ಚು ಎನ್ನುತ್ತಾರೆ. ನಮ್ಮ ನಾಡಿನ ಸಹಸ್ರಾರು ಶಾಸನಗಳು ವಿದ್ವಾಂಸರ ಕೈಸೇರಿದ್ದು ಈ ಒದ್ದೆ ಕಾಗದದ ಮೂಲಕವೇ. ಆದರೆ ಇದರಲ್ಲಿ ಎರಡು ಕೊರತೆಗಳುಂಟು. ಸವೆದ ಕಲ್ಲಿನ ತೀರ ಮಸುಕಾದ ಗೆರೆ ಕಾಗದಕ್ಕೆ ಸಿಕ್ಕದು. ಶಿಲ್ಪದ ಉಬ್ಬುತಗ್ಗುಗಳನ್ನಂತೂ ಚಪ್ಪಟೆಯಾದ ಕಾಗದ ಹೇಳಲಾರದು.

ಬೆಳಗಾವಿಯ ಎರಡು ಶಾಸನಗಳ ಪಾಡು ಇಲ್ಲಿ ಸ್ಮರಣೀಯ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಹಳಗನ್ನಡದ ಈ ಶಾಸನಗಳು ವೇಣುಗ್ರಾಮವೆಂಬ ಹೆಸರಿನಿಂದ ನಮ್ಮ ನಗರವನ್ನು ಕರೆಯುತ್ತವೆ. ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ವಿವರಿಸುತ್ತವೆ. ಶಕವರ್ಷ 1127ರ ಪುಷ್ಯಮಾಸ, ಶನಿವಾರ, ಉತ್ತರಾಯಣ ಸಂಕ್ರಮಣ ಎಂಬುದು ಅಲ್ಲಿಯ ಮಿತಿ. ನಮ್ಮ ಲೆಕ್ಕಕ್ಕೆ ಅದು 1204ನೆಯ ಇಸವಿಯ ಡಿಸೆಂಬರ್ 25. ವೇಣುಗ್ರಾಮದಲ್ಲಿ ದತ್ತಿಯ ನೀರು ಬಿದ್ದ ಆ ದಿನ ಪಶ್ಚಿಮದ ದೇವಾಲಯಗಳಲ್ಲಿ ಕ್ರಿಸ್ತಜಯಂತಿಯ ಬಲಿಪೂಜೆ ನಡೆದಿತ್ತು. ಇದು ಕೇವಲ ಕಾಕತಾಳೀಯ. ಆದರೂ ಬರೆಯದಿರಲು ಮನಸ್ಸು ಬಾರದು. ಈ ಎರಡು ಕಲ್ಲುಗಳು ಸೇರಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹವನ್ನು. ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯ ಇಂಡಿಕ’ದ 13ನೆಯ ಸಂಪುಟದಲ್ಲಿ ಅವುಗಳನ್ನು ಸಂಪಾದಿಸಿ ಪ್ರಕಟಿಸಿರುವುದರಿಂದ ಪಾಠವೇನೋ ನಮಗೆ ಲಭ್ಯವಿದೆ. ಆದರೆ ಕೋಟೆಗೆ ಬರುವ ಶಾಲೆಯ ಮಕ್ಕಳಿಗೆ ತಮ್ಮ ಊರಿನ ಹೆಸರನ್ನು ಹೊತ್ತ ಕಲ್ಲನ್ನು ತೋರಿಸುವ ದಾರಿಯಿಲ್ಲ.

ಇನ್ನು ಲೇಸರಿನ ಮಾತು. 1960ರ ಮೇ ತಿಂಗಳಿನಲ್ಲಿ ಅಮೆರಿಕದ ಥಿಯೊಡೋರ್ ಮೇಮನ್ ಅವರು ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ದೀಪದ ಬೆಳಕು ಹರಡಿಹೋಗುತ್ತದೆ. ಲೇಸರ್ ಕಿರಣ ಎಳೆದ ದಾರದಂತೆ ನೇರವಾಗಿ ಸಾಗುತ್ತದೆ. ಈ ಗುಣವನ್ನು ಅಳತೆಗೆ ಬಳಸುವ ಮುಖ್ಯ ಕ್ರಮಗಳು ಎರಡು. ದೊಡ್ಡ ಕಟ್ಟಡವಾದರೆ, ಕಿರಣವು ಗೋಡೆಗೆ ತಾಗಿ ಹಿಂದಿರುಗಲು ತೆಗೆದುಕೊಳ್ಳುವ ಕಾಲವನ್ನು ಯಂತ್ರ ಎಣಿಸುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವುದರಿಂದ, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ಅದು ಕ್ರಮಿಸುವ ದೂರ ಸುಮಾರು 30 ಸೆಂಟಿಮೀಟರು, ಅಂದರೆ ಒಂದಡಿ. ಅಷ್ಟು ಸೂಕ್ಷ್ಮವಾದ ಗಡಿಯಾರವನ್ನು ಕಟ್ಟಿಕೊಂಡು ಯಂತ್ರವು ಸುತ್ತಲೂ ತಿರುಗುತ್ತ ಲಕ್ಷಾಂತರ ಬಿಂದುಗಳನ್ನು ಅಳೆಯುತ್ತದೆ. ಪ್ರತಿಮೆಯಂಥ ಸಣ್ಣ ವಸ್ತುವಾದರೆ ಕ್ರಮ ಬೇರೆ. ತೆಳ್ಳನೆಯ ಕಿರಣದ ಗೆರೆಯೊಂದನ್ನು ವಸ್ತುವಿನ ಮೇಲೆ ಬೀಳಿಸಿ, ಪಕ್ಕದಿಂದ ಕ್ಯಾಮೆರಾ ನೋಡುತ್ತದೆ. ಉಬ್ಬಿದ್ದಲ್ಲಿ ಗೆರೆ ಒಂದು ಕಡೆಗೆ, ತಗ್ಗಿದ್ದಲ್ಲಿ ಇನ್ನೊಂದು ಕಡೆಗೆ ಬಾಗಿ ಕಾಣುತ್ತದೆ. ಕಿಟಕಿಯ ಸರಳಿನ ನೆರಳು ಮೆಟ್ಟಿಲ ಮೇಲೆ ಬಿದ್ದಾಗ ಮುರಿದು ಕಾಣುವುದಿಲ್ಲವೇ, ಹಾಗೆ. ಆ ಬಾಗಿನಿಂದ ಉಬ್ಬುತಗ್ಗುಗಳನ್ನು ಗಣಕಯಂತ್ರ ಲೆಕ್ಕಹಾಕುತ್ತದೆ. ಒಟ್ಟಿನಲ್ಲಿ ದೊರೆಯುವುದು ಬಿಂದುಗಳ ಒಂದು ಮೋಡ. ಬಿಂದುಗಳನ್ನು ಹೆಣೆದರೆ ವಸ್ತುವಿನ ಮೈ.

ಇದರ ಹೆಚ್ಚುಗಾರಿಕೆಯನ್ನು ಖಾನಾಪುರದವರಿಗೆ ವಿವರಿಸುವುದು ಸುಲಭ. ಹೆಂಚು, ಇಟ್ಟಿಗೆ, ಮಣ್ಣಿನ ಪಾತ್ರೆಗಳಿಗೆ ಹೆಸರಾದ ಆ ಊರಿನಲ್ಲಿ ಅಚ್ಚು ಎಂದರೇನೆಂದು ಎಲ್ಲರಿಗೂ ಗೊತ್ತು. ಅಚ್ಚು ತೆಗೆಯಬೇಕಾದರೆ ಮೂಲವನ್ನು ಮುಟ್ಟಲೇಬೇಕು. ಅದಕ್ಕೆ ಎಣ್ಣೆ ಸವರಬೇಕು, ಗಾರೆ ಮೆತ್ತಬೇಕು, ಆಮೇಲೆ ಕಿತ್ತು ತೆಗೆಯಬೇಕು. ಹೆಂಚಿಗೆ ಇದರಿಂದ ನಷ್ಟವಿಲ್ಲ. ಮುನ್ನೂರು ವರುಷಗಳ ಬಣ್ಣವನ್ನು ಹೊತ್ತ ಮರದ ಸ್ವರೂಪಕ್ಕೆ ಇದು ಪ್ರಾಣಾಂತಿಕ. ಕಿರಣವಾದರೋ ಮುಟ್ಟದೆ ಅಳೆಯುತ್ತದೆ.

ಈ ಸಾಧನವನ್ನು ಮಹಾಕೃತಿಯೊಂದರ ಮೇಲೆ ಪ್ರಯೋಗಿಸಿದ ಪ್ರಸಿದ್ಧ ಪ್ರಸಂಗ ಫ್ಲಾರೆನ್ಸಿನದು. 1998-99ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ಲೆವಾಯ್ ಅವರ ತಂಡ ಇಟಲಿಯಲ್ಲಿ ವರುಷಕಾಲ ತಂಗಿ ಮೈಕೆಲಾಂಜೆಲೊನ ಶಿಲ್ಪಗಳನ್ನು ಅಳೆಯಿತು. ದಾವಿದನ ಪ್ರತಿಮೆಯ ಮೈಯನ್ನು ಸುಮಾರು ಕಾಲು ಮಿಲಿಮೀಟರಿಗೊಂದು ಬಿಂದುವಿನಂತೆ ದಾಖಲಿಸಿದಾಗ 200 ಕೋಟಿಯಷ್ಟು ಮುಖಗಳ ಜಾಲ ದೊರೆಯಿತು. ಪ್ರತಿಮೆಯ ಎತ್ತರ 4.34 ಮೀಟರೆಂದು ಪುಸ್ತಕಗಳು ಹೇಳುತ್ತ ಬಂದಿದ್ದವು. ಅಳೆದಾಗ ಅದು 5.17 ಮೀಟರಾಯಿತು! ಲೋಕವೆಲ್ಲ ನೋಡಿದ ಪ್ರತಿಮೆಯ ಎತ್ತರವನ್ನೇ ಯಾರೂ ಸರಿಯಾಗಿ ಅಳೆದಿರಲಿಲ್ಲ. ನಮ್ಮ ನಾಡಿನವರು ಇದಕ್ಕೆ ನಗಬೇಕಾಗಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಎತ್ತರವನ್ನು ಬುಕಾನನ್ 70 ಅಡಿ 3 ಅಂಗುಲವೆಂದರೆ ಬೌರಿಂಗ್ 57 ಅಡಿಯೆಂದರು. ದೊಡ್ಡದನ್ನು ಕಂಡಾಗ ಮನುಷ್ಯನ ಕಣ್ಣು ಭಕ್ತಿಯಿಂದಲೋ ಬೆರಗಿನಿಂದಲೋ ತಪ್ಪು ಹೇಳುವುದು ಸಹಜ.

ಅಳತೆ ಮೊದಲೇ ಕೈಯಲ್ಲಿದ್ದರೆ ಆಪತ್ಕಾಲದಲ್ಲಿ ಏನಾಗುತ್ತದೆ? 1972ರ ಮೇ 21, ಪೆಂತಕೋಸ್ತ್ ಭಾನುವಾರ, ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಬುದ್ಧಿಭ್ರಮಣೆಗೊಂಡ ವ್ಯಕ್ತಿಯೊಬ್ಬನು ಮೈಕೆಲಾಂಜೆಲೊನ ‘ಪಿಯೆತಾ’ ಪ್ರತಿಮೆಯನ್ನು ಸುತ್ತಿಗೆಯಿಂದ ಹೊಡೆದನು. ಮಾತೆ ಮರಿಯಮ್ಮನವರ ಎಡಗೈ ಮುರಿಯಿತು, ಮೂಗು ಹಾರಿತು, ಕಣ್ಣಿನ ರೆಪ್ಪೆ ಒಡೆಯಿತು. ಅಂದು ಸೆಮಿನರಿಗಳಲ್ಲಿದ್ದವರಿಗೂ ಮನೆಗಳಲ್ಲಿ ಜಪಸರ ಮಾಡುತ್ತಿದ್ದವರಿಗೂ ಆ ಸುದ್ದಿ ಸ್ವಂತ ತಾಯಿಗೆ ಏಟುಬಿದ್ದಂತೆ ಕೇಳಿಸಿತು. ವ್ಯಾಟಿಕನ್ನಿನ ಕುಶಲಿಗಳು ಚೂರುಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದರು. ಚೂರು ಸಿಗದೆಡೆಯಲ್ಲಿ ಊಹೆಯಿಂದ ಕೆತ್ತದೆ, ಬಹಳ ಹಿಂದೆಯೇ ತೆಗೆದಿಟ್ಟಿದ್ದ ಗಾರೆಯ ಅಚ್ಚನ್ನು ನೋಡಿ ತುಂಬಿದರು. ಅಚ್ಚು ಇರದಿದ್ದರೆ ಇಂದು ಗಾಜಿನ ಹಿಂದೆ ನಾವು ಕಾಣುವ ಮುಖ ಇಪ್ಪತ್ತನೆಯ ಶತಮಾನದ ಯಾವನೋ ಶಿಲ್ಪಿಯ ಊಹೆಯಾಗಿರುತ್ತಿತ್ತು.

ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ಕಥೆ ಇನ್ನೂ ಹತ್ತಿರದ್ದು. 1163ರಲ್ಲಿ ಆರಂಭವಾದ ಆ ಮಂದಿರವನ್ನು 2010ರಲ್ಲಿ ಆಂಡ್ರ್ಯೂ ಟ್ಯಾಲನ್ ಎಂಬ ಅಮೆರಿಕದ ಕಲಾಚರಿತ್ರಕಾರರು ಲೇಸರ್ ಯಂತ್ರದಿಂದ ಅಳೆದರು. ಒಳಗೂ ಹೊರಗೂ ಐವತ್ತಕ್ಕೂ ಹೆಚ್ಚು ನೆಲೆಗಳಿಂದ ಅಳೆದು ಅವರು ಕೂಡಿಸಿದ ಬಿಂದುಗಳು 100 ಕೋಟಿಗೂ ಮಿಗಿಲು. ಮಧ್ಯಯುಗದ ಮೇಸ್ತ್ರಿಗಳು ಎಲ್ಲಿ ನೂಲು ಹಿಡಿದರು, ಎಲ್ಲಿ ಕಂಬ ಸಾಲು ತಪ್ಪಿತು ಎಂಬುದನ್ನು ತಿಳಿಯುವುದು ಅವರ ಕುತೂಹಲವಾಗಿತ್ತು. ಬೆಂಕಿಯ ಯೋಚನೆ ಅವರಿಗಿರಲಿಲ್ಲ. 2018ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಐದು ತಿಂಗಳ ಬಳಿಕ, 2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ ಸಂಜೆ, ಆ ಮಂದಿರದ ಮಾಡು ಹತ್ತಿಕೊಂಡು ಉರಿದು, ಗೋಪುರದ ಶಿಖರ ಕುಸಿದುಬಿತ್ತು. ಆಗ ಟ್ಯಾಲನ್ನರ ಅಳತೆಗಳೂ, ಸುಟ್ಟುಹೋದ ಓಕ್ ಮರದ ಮಾಡನ್ನು 2014ರಲ್ಲಿ ಅಳೆದಿದ್ದ ಫ್ರೆಂಚ್ ವಾಸ್ತುಶಿಲ್ಪಿಗಳ ನಕ್ಷೆಗಳೂ ಕೈಯಲ್ಲಿದ್ದವು. ಉಳಿದ ಗೋಡೆ ಕಮಾನುಗಳನ್ನು ಮತ್ತೆ ಅಳೆದು, ಹಳೆಯ ಅಳತೆಯೊಡನೆ ಹೋಲಿಸಿ, ಯಾವುದು ಜರುಗಿದೆಯೆಂದು ಕಾಣಲು ಸಾಧ್ಯವಾಯಿತು. 2024ರ ಡಿಸೆಂಬರ್ 8, ನಿಷ್ಕಳಂಕ ಮಾತೆಯ ಹಬ್ಬದಂದು ಹೊಸ ಬಲಿಪೀಠದ ಪ್ರತಿಷ್ಠೆ ನೆರವೇರಿತು. ಅಳೆದವರು ಆ ದಿನವನ್ನು ನೋಡಲಿಲ್ಲ.

ಅಳತೆಯೇ ಇಲ್ಲದ ಕಡೆ ಹೇಗೆ? ಸಿಸಿಲಿಯ ಪಲೆರ್ಮೊ ನಗರದ ಸಂತ ಲಾರೆನ್ಸರ ಪ್ರಾರ್ಥನಾಲಯದಲ್ಲಿ ಕಾರವಾಜೊ ಬರೆದ ಕ್ರಿಸ್ತಜನನದ ಚಿತ್ರವಿತ್ತು. 1969ರ ಅಕ್ಟೋಬರಿನಲ್ಲಿ ಕಳ್ಳರು ಅದನ್ನು ಚೌಕಟ್ಟಿನಿಂದ ಕೊಯ್ದೊಯ್ದರು, ಇಂದಿಗೂ ಸಿಕ್ಕಿಲ್ಲ. ಮ್ಯಾಡ್ರಿಡ್ಡಿನ ಫ್ಯಾಕ್ಟಮ್ ಆರ್ತೆ ಎಂಬ ಕಾರ್ಯಾಗಾರದವರು ಕಳವಿಗೆ ಮುಂಚೆ ತೆಗೆದಿದ್ದ ಬಣ್ಣದ ಛಾಯಾಚಿತ್ರವನ್ನು ಆಧರಿಸಿ, ಅದೇ ಕಲಾವಿದನ ಬೇರೆ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕುಂಚದ ಚಲನೆಯನ್ನು ಅಭ್ಯಾಸಮಾಡಿ, ಪ್ರತಿಕೃತಿಯೊಂದನ್ನು ಸಿದ್ಧಪಡಿಸಿದರು. 2015ರ ಡಿಸೆಂಬರಿನಲ್ಲಿ ಅದು ಬಲಿಪೀಠದ ಮೇಲಿನ ಖಾಲಿ ಸ್ಥಳವನ್ನು ತುಂಬಿತು. ಶ್ಲಾಘ್ಯವಾದ ಕೆಲಸ; ಆದರೂ ಬಣ್ಣದ ದಪ್ಪ, ಬಟ್ಟೆಯ ಸುಕ್ಕು ಮೊದಲಾದವನ್ನು ಊಹಿಸಿಯೇ ಮಾಡಬೇಕಾಯಿತು.

ಅದೇ ಕಾರ್ಯಾಗಾರದ ಇನ್ನೊಂದು ಕೃತಿ ನಮಗೆ ಹೆಚ್ಚು ಪಾಠ ಹೇಳುತ್ತದೆ. ವೆನಿಸಿನ ಸಂತ ಜಾರ್ಜರ ಬೆನೆಡಿಕ್ಟೈನ್ ಮಠದ ಭೋಜನಶಾಲೆಗಾಗಿ ವೆರೊನೇಸೆ 1562-63ರಲ್ಲಿ ಕಾನಾ ಊರಿನ ಮದುವೆಯ ಚಿತ್ರವನ್ನು ಬರೆದನು. ಅಗಲ 9.94 ಮೀಟರು, ಎತ್ತರ 6.77 ಮೀಟರು. ಸಂನ್ಯಾಸಿಗಳು ಊಟಕ್ಕೆ ಕುಳಿತಾಗ ಎದುರಿನ ಗೋಡೆಯಲ್ಲಿ ಯೇಸುಸ್ವಾಮಿಯೂ ಮಾತೆಯೂ ಊಟಕ್ಕೆ ಕುಳಿತಿರುವಂತೆ ಅದನ್ನು ಯೋಜಿಸಲಾಗಿತ್ತು. 1797ರ ಸೆಪ್ಟೆಂಬರ್ 11ರಂದು ನೆಪೋಲಿಯನ್ನನ ಸೈನಿಕರು ಅದನ್ನು ಇಳಿಸಿ, ಕತ್ತರಿಸಿ, ಪ್ಯಾರಿಸಿಗೆ ಸಾಗಿಸಿದರು. ಅದು ಇಂದೂ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಲ್ಲಿ ಚಿತ್ರವನ್ನು ಮುಟ್ಟದೆ ಸ್ಕ್ಯಾನ್ ಮಾಡಿ, ಅದೇ ಅಳತೆಯ ಪ್ರತಿಕೃತಿಯನ್ನು ತಯಾರಿಸಿ, 2007ರ ಸೆಪ್ಟೆಂಬರ್ 11ರಂದು, ಸರಿಯಾಗಿ 210 ವರುಷಗಳ ಬಳಿಕ, ವೆನಿಸಿನ ಆ ಗೋಡೆಗೇ ಏರಿಸಿದರು. ಮೂಲ ಪ್ಯಾರಿಸಿನಲ್ಲಿ, ಪ್ರತಿ ವೆನಿಸಿನಲ್ಲಿ; ಆದರೆ ಚಿತ್ರದ ಬೆಳಕು ಬೀಳುವ ದಿಕ್ಕು, ಕಂಬಗಳ ಸಾಲು, ಕೋಣೆಯ ಆಳ ಇವೆಲ್ಲ ಅರ್ಥವಾಗುವುದು ಪ್ರತಿ ಇರುವ ಕಡೆಯಲ್ಲಿ. ಬೆಳಗಾವಿಯ ಎರಡು ಶಾಸನಗಳ ನೆನಪು ನಮಗೆ ಇಲ್ಲಿಯೇ ಬಂದದ್ದು. ಲಂಡನ್ನಿನ ಕಲ್ಲುಗಳ ಮೇಲೆ ಒಂದು ದಿನ ಕಿರಣ ಹಾಯ್ದರೆ, ನಮ್ಮ ಕೋಟೆಯಲ್ಲಿ ಅದೇ ಅಕ್ಷರಗಳ ಪ್ರತಿಕಲ್ಲು ನಿಲ್ಲುವುದಕ್ಕೆ ತಾಂತ್ರಿಕವಾದ ಅಡ್ಡಿ ಯಾವುದೂ ಇಲ್ಲ. ಮೂಲವನ್ನು ಹಿಂದಕ್ಕೆ ಕೇಳುವ ನ್ಯಾಯ ಬೇರೆ. ಅದು ತೀರ್ಮಾನವಾಗುವವರೆಗೂ ಮಕ್ಕಳು ಕಾಯಬೇಕಾಗಿಲ್ಲ.

ಇಂಥ ಕೆಲಸ ನಮ್ಮ ನಾಡಿನಲ್ಲಿ ಆಗಿಲ್ಲವೆಂದು ತಿಳಿಯಬಾರದು. 1909ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ಬೆಳಕಿನ ಸ್ಕ್ಯಾನರಿನಿಂದ ಮೂರು ಆಯಾಮಗಳಲ್ಲಿ ದಾಖಲಿಸುವ ಯೋಜನೆಯನ್ನು ಕೈಗೊಂಡಿತು. ನಗರ ಬೆಳೆದಂತೆ ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ನಮೂದಾದ ಎಷ್ಟೋ ಕಲ್ಲುಗಳು ಚರಂಡಿಗೆ, ಅಡಿಪಾಯಕ್ಕೆ, ಬಟ್ಟೆ ಒಗೆಯುವ ಜಾಗಕ್ಕೆ ಸೇರಿಹೋದವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನ ಎಂಟನೆಯ ಶತಮಾನದ್ದು. ಅದು ಸಿಕ್ಕಿದ್ದು ರಸ್ತೆಬದಿಯ ಅಗೆತದಲ್ಲಿ. ಸ್ಕ್ಯಾನ್ ಮಾಡಿದ ಕಲ್ಲನ್ನು ಗಣಕಯಂತ್ರದ ಪರದೆಯ ಮೇಲೆ ಬೇಕಾದ ಕಡೆಯಿಂದ ಬೆಳಕು ಬೀರಿ ನೋಡಬಹುದು. ಕಾಗದದ ಪಡಿಯಚ್ಚಿಗೆ ಸಿಕ್ಕದ ಮಸುಕು ಅಕ್ಷರ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ಹಂಪಿಯ ಸ್ಮಾರಕಗಳನ್ನು ಹೀಗೆ ಗಣಕಯಂತ್ರದಲ್ಲಿ ದಾಖಲಿಸಲು ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನಡೆಸಿದ ಯೋಜನೆಯಲ್ಲಿ, ನಮ್ಮ ಬೆಳಗಾವಿಯ ಕೆ. ಎಲ್. ಇ. ಸಂಸ್ಥೆಗೆ ಸೇರಿದ ಹುಬ್ಬಳ್ಳಿಯ ಬಿ. ವಿ. ಬಿ. ಎಂಜಿನಿಯರಿಂಗ್ ಕಾಲೇಜಿನವರೂ ಭಾಗವಹಿಸಿದರು. ಪ್ರವಾಸಿಗರು ತೆಗೆದ ಸಾಧಾರಣ ಛಾಯಾಚಿತ್ರಗಳನ್ನೇ ಒಟ್ಟುಗೂಡಿಸಿ ಶಿಲ್ಪದ ಆಕಾರವನ್ನು ಕಟ್ಟುವ ವಿಧಾನದ ಮೇಲೆ ಅವರು ದುಡಿದರು. ಈ ಮಾತಿಗೆ ಮತ್ತೆ ಬರುತ್ತೇವೆ.

ಇಲ್ಲಿ ವಿಶ್ವಾಸಿಯೊಬ್ಬನು ನ್ಯಾಯವಾಗಿಯೇ ಕೇಳಬಹುದಾದ ಪ್ರಶ್ನೆಯೊಂದಿದೆ: ಯಂತ್ರ ಮಾಡಿದ ಪ್ರತಿಕೃತಿಯ ಮುಂದೆ ಮೊಣಕಾಲೂರಬಹುದೇ? 787ರಲ್ಲಿ ನೆರೆದ ಎರಡನೆಯ ನಿಸೆಯ ಮಹಾಸಭೆಯು ಪ್ರತಿಮೆಗೆ ಸಲ್ಲಿಸುವ ಗೌರವ ಅದು ಯಾರ ಪ್ರತಿರೂಪವೋ ಅವರಿಗೆ ಸಲ್ಲುತ್ತದೆಂದು ಸಾರಿ, ಪ್ರತಿಮಾಭಂಜಕರ ವಾದವನ್ನು ತಳ್ಳಿಹಾಕಿತು. ಆ ದೃಷ್ಟಿಯಲ್ಲಿ ಮೂಲ, ಪ್ರತಿ ಎಂಬ ಭೇದವೇ ಸಡಿಲವಾಗುತ್ತದೆ. ನಮ್ಮ ಮನೆಗಳಲ್ಲಿರುವ ನಿರಂತರ ಸಹಾಯಮಾತೆಯ ಪಟಗಳೆಲ್ಲ ರೋಮಿನಲ್ಲಿರುವ ಒಂದು ಹಳೆಯ ಚಿತ್ರದ ಪ್ರತಿಗಳು. ಬೆಳಗಾವಿಯ ಪ್ರಧಾನಾಲಯಕ್ಕೆ ಹೆಸರು ಕೊಟ್ಟ ಫಾತಿಮಾ ಮಾತೆಯ ಮೂಲ ಸ್ವರೂಪವನ್ನು ಜೊಸೆ ಫೆರೇರಾ ತೆದಿಮ್ ಎಂಬ ಪೋರ್ಚುಗೀಸ್ ಶಿಲ್ಪಿ 1920ರಲ್ಲಿ ಕೆತ್ತಿದನು. ಲೋಕವೆಲ್ಲ ಪೂಜಿಸುವುದು ಅದರ ಅನುಕರಣೆಗಳನ್ನು. ಪ್ರತಿಗಳಿಂದಲೇ ಬೆಳೆದ ಭಕ್ತಿ ನಮ್ಮದು. ಪವಿತ್ರ ಅವಶೇಷಗಳ ಮಾತು ಹಾಗಲ್ಲ; ಸಂತರ ಎಲುಬನ್ನು ಯಾವ ಯಂತ್ರವೂ ಪ್ರತಿ ಮಾಡಲಾರದು.

ಹಾಗೆಂದು ಮೂಲವನ್ನು ಕಪಾಟಿಗೆ ಸೇರಿಸಿ ಪ್ರತಿಯನ್ನು ಬಲಿಪೀಠದಲ್ಲಿಡಬೇಕೆಂಬ ಸಲಹೆಗೆ ನಮ್ಮ ಒಪ್ಪಿಗೆಯಿಲ್ಲ. ಕಳವಿನ ಭಯದಿಂದ ಕೆಲವೆಡೆ ಹಾಗೆ ಮಾಡುವುದುಂಟು. ನಾಲ್ಕು ತಲೆಮಾರುಗಳು ಮುಟ್ಟಿ ಕಣ್ಣಿಗೊತ್ತಿಕೊಂಡ ಪಾದ ಸವೆದಿದ್ದರೆ ಆ ಸವೆತವೂ ಚರಿತ್ರೆಯೇ. ಅದು ಜನರ ನಡುವೆಯೇ ಇರಬೇಕು. ಸಂಗ್ರಹಾಲಯಕ್ಕೆ ಪ್ರತಿ ಹೋಗಲಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಇದೇ ಕಡೆಗೆ ವಾಲುತ್ತದೆ: ಜನರ ಮಹಾಭಕ್ತಿಗೆ ಪಾತ್ರವಾದ ಸ್ವರೂಪವನ್ನು ಶಾಶ್ವತವಾಗಿ ಬೇರೆಡೆಗೆ ಸಾಗಿಸಬೇಕಾದರೆ ಪರಮಪೀಠದ ಅಪ್ಪಣೆ ಬೇಕು (ನಿಯಮ 1190). ಪ್ರಾಚೀನತೆಯಿಂದಲೋ ಕಲೆಯಿಂದಲೋ ಭಕ್ತಿಯಿಂದಲೋ ಬೆಲೆಯುಳ್ಳ ಸ್ವರೂಪವನ್ನು ದುರಸ್ತಿ ಮಾಡಬೇಕಾದರೆ ಧರ್ಮಾಧ್ಯಕ್ಷರ ಲಿಖಿತ ಅನುಮತಿಯೂ, ಅದಕ್ಕೆ ಮುಂಚೆ ಬಲ್ಲವರ ಸಲಹೆಯೂ ಬೇಕು (ನಿಯಮ 1189). ಎನಾಮಲ್ ಡಬ್ಬಿ ಹಿಡಿದು ಏಣಿ ಹತ್ತುವ ನಮ್ಮ ಉತ್ಸಾಹಿ ಯುವಕರಿಗೆ ಈ ನಿಯಮ ಇದೆಯೆಂಬುದೇ ತಿಳಿದಿರುವುದಿಲ್ಲ. ದೇವಾಲಯದ ಬೆಲೆಯುಳ್ಳ ವಸ್ತುಗಳ ಪಟ್ಟಿಯನ್ನು ಇಡಬೇಕೆಂಬುದು ನಿಯಮ 1283. ಆ ಪಟ್ಟಿಯ ತುರ್ತನ್ನು ಕುರಿತು ವ್ಯಾಟಿಕನ್ನಿನ ಸಾಂಸ್ಕೃತಿಕ ಆಸ್ತಿಯ ಆಯೋಗವು 1999ರ ಡಿಸೆಂಬರ್ 8ರಂದು ಧರ್ಮಾಧ್ಯಕ್ಷರಿಗೆ ಸುತ್ತೋಲೆಯನ್ನೇ ಕಳುಹಿಸಿತು.

ಲೇಸರ್ ಸರ್ವಶಕ್ತವೇನಲ್ಲ. ಹೊಳೆಯುವ ಬಂಗಾರದ ಲೇಪ, ಗಾಜು, ಕಪ್ಪು ಮೈ ಇವು ಕಿರಣವನ್ನು ದಾರಿ ತಪ್ಪಿಸುತ್ತವೆ. ಅಮೃತಶಿಲೆಯೊಳಕ್ಕೆ ಬೆಳಕು ತುಸು ಇಳಿದು ಹರಡುವುದರಿಂದ ಫ್ಲಾರೆನ್ಸಿನಲ್ಲಿಯೂ ತೊಡಕಾಗಿತ್ತು. ಬಣ್ಣವನ್ನು ಕಿರಣ ಅರಿಯದು. ಅದನ್ನು ಛಾಯಾಚಿತ್ರದಿಂದ ಪಡೆಯಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಿಂದ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಶುದ್ಧಿಗೊಳಿಸಿದಾಗ ನೆರವಿಗೆ ಬಂದದ್ದು ಕಣ್ಣು, ಕೈ, ತಾಳ್ಮೆ. ಇನ್ನೂ ಒಂದು ತೊಡಕು: ಬಿಂದುಗಳ ದಾಖಲೆ ತಾಮ್ರಪಟವಲ್ಲ. ಹಲಸಿಯ ಪಟಗಳು ಸಾವಿರಕ್ಕೂ ಹೆಚ್ಚು ವರುಷ ಮಣ್ಣಿನಲ್ಲಿದ್ದು ಓದಲು ಬಂದವು. ಗಣಕಯಂತ್ರದ ದಾಖಲೆಯನ್ನು ಹತ್ತು ವರುಷ ಯಾರೂ ನೋಡದಿದ್ದರೆ ಅದನ್ನು ತೆರೆಯುವ ಯಂತ್ರವೇ ಇಲ್ಲದಾಗಬಹುದು. ಓಲೆಗರಿಯನ್ನು ತಲೆಮಾರಿಗೊಮ್ಮೆ ಮರುನಕಲು ಮಾಡಿದಂತೆ ಇದನ್ನೂ ಕೆಲವು ವರುಷಗಳಿಗೊಮ್ಮೆ ಹೊಸದಕ್ಕೆ ವರ್ಗಾಯಿಸುತ್ತಿರಬೇಕು. ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಒಂದು ಧರ್ಮಪ್ರಾಂತ್ಯದ ದಫ್ತರದಲ್ಲಿ ಇರಬೇಕು. ಅಳೆದವರೇ ದಾಖಲೆಯ ಒಡೆಯರಾಗಬಾರದು. ದಾವಿದನ ಅಳತೆಯನ್ನು ಸಂಶೋಧನೆಗಲ್ಲದೆ ವ್ಯಾಪಾರಕ್ಕೆ ಬಳಸಕೂಡದೆಂದು ಇಟಲಿಯ ಅಧಿಕಾರಿಗಳು ಕಟ್ಟುಮಾಡಿದ್ದರು. ಆ ಎಚ್ಚರ ನಮಗೂ ಬೇಕು.

1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವ ಮೊದಲು ಈ ಸೀಮೆಯ ಧರ್ಮಕೇಂದ್ರಗಳಲ್ಲಿ ಗೋವೆಯ ಮಹಾಧರ್ಮಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟವೂ ಇದ್ದವು. ಘಟ್ಟದ ಆಚೆಯ ಆ ಬಾಂಧವ್ಯದ ಗುರುತುಗಳು ನಮ್ಮ ಬಲಿಪೀಠಗಳ ಕೆತ್ತನೆಯಲ್ಲಿಯೂ ಸ್ವರೂಪಗಳ ಮುಖಗಳಲ್ಲಿಯೂ ಇವೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಮಳೆ ಎಂಥದ್ದೆಂದು ಖಾನಾಪುರದವರಿಗೆ ಹೇಳಬೇಕಾಗಿಲ್ಲ. ನಾಲ್ಕು ತಿಂಗಳ ತೇವ, ಆಮೇಲೆ ಗೆದ್ದಲು. ಹೊರಗೆ ಬಣ್ಣ ಹೊಳೆಯುತ್ತಿರುವ ಮರದ ಸ್ವರೂಪದೊಳಗೆ ಹಿಡಿ ಮಣ್ಣಷ್ಟೇ ಉಳಿದಿರುವುದುಂಟು. ಇಂಥವನ್ನು ಮುಂದಿನ ಮಳೆಗಾಲಕ್ಕೆ ಮೊದಲು ಅಳೆದಿಡುವುದಾದರೆ, ಸುಧಾರಿಸಿದ ಬಲಿಪೀಠಕ್ಕಿಂತ ಅದು ಕಡಿಮೆ ಖರ್ಚಿನ ಕೆಲಸ.

ನಮ್ಮ ಈ ದೇವಾಲಯದ ಹಳೆಯ ಕೆತ್ತನೆಯ ಬಲಿಪೀಠ ಇಂದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಜನರಿಗೆ ಎದುರಾಗಿ ಬಲಿಪೂಜೆ ಅರ್ಪಿಸುವ ಕ್ರಮ ಬಂದಾಗ ಅನೇಕ ಕಡೆಗಳಲ್ಲಿ ಆದಂತೆ ಇಲ್ಲಿಯೂ ಅದು ತೆರವಾಯಿತು. ಅದರ ನಕ್ಷೆಯೂ ಇಲ್ಲ. ಆದರೆ ಹಂಪಿಯ ಯೋಜನೆಯ ಸಂಬಂಧದಲ್ಲಿ ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ಬಾಮಿಯಾನಿನ ಬುದ್ಧಮೂರ್ತಿಗಳನ್ನು 2001ರ ಮಾರ್ಚಿನಲ್ಲಿ ಒಡೆದುಹಾಕಿದ ಮೇಲೆ, ಜ್ಯೂರಿಕ್ಕಿನ ವಿಜ್ಞಾನಿಗಳು 1970ರಲ್ಲಿ ತೆಗೆದಿದ್ದ ಛಾಯಾಚಿತ್ರಗಳಿಂದ ದೊಡ್ಡ ಮೂರ್ತಿಯ ಆಕಾರವನ್ನು ಲೆಕ್ಕಹಾಕಿ ತೆಗೆದರು. ಒಂದೇ ವಸ್ತುವಿನ ಚಿತ್ರಗಳು ಬೇರೆ ಬೇರೆ ಕೋನಗಳಿಂದ ದೊರೆತು, ಅಳತೆ ಗೊತ್ತಿರುವ ಒಂದು ಬಾಗಿಲೋ ಮೆಟ್ಟಿಲೋ ಅವುಗಳಲ್ಲಿ ಕಂಡರೆ ಉಳಿದದ್ದನ್ನು ಕಟ್ಟಬಹುದು. ನಮ್ಮ ಬಲಿಪೀಠದ ಚಿತ್ರಗಳು ಎಲ್ಲಿವೆ? ನಿಮ್ಮ ಮನೆಗಳಲ್ಲಿವೆ. ಮದುವೆಯ ಜೋಡಿಗಳು, ಪ್ರಥಮ ಪರಮಪ್ರಸಾದದ ಮಕ್ಕಳು ನಿಂತದ್ದು ಅದರ ಮುಂದೆಯೇ. ಅಂಥ ಛಾಯಾಚಿತ್ರವಿರುವವರು, ಮುಖಗಳು ಮಸುಕಾಗಿದ್ದರೂ ಅಂಚು ಹರಿದಿದ್ದರೂ ಚಿಂತಿಸದೆ, ಭಾನುವಾರದ ಬಲಿಪೂಜೆಯ ಬಳಿಕ ಧರ್ಮಕೇಂದ್ರದ ಕಚೇರಿಗೆ ತಂದರೆ ನಕಲು ತೆಗೆದುಕೊಂಡು ಆಗಲೇ ಹಿಂದಿರುಗಿಸಲಾಗುವುದು. ಹಿಂಬದಿಯಲ್ಲಿ ವರುಷವನ್ನು ಬರೆದಿದ್ದರೆ ಅಳಿಸಬೇಡಿರಿ.